ಔರಾದಿನ ಚೀಲದಲ್ಲಿದ್ದ ಕಾಗದ

ಗುರುವಾರ ಸಂಜೆ ಬೀದರಿನ ಚಿದ್ರಿ ಓಣಿಯ ಮನೆಯಲ್ಲಿ ವಿಶಾಖಾ ರೊಟ್ಟಿ ಬಡಿಯುತ್ತಿದ್ದಳು. ಭಾಲ್ಕಿಗೆ ಹೋಗಿದ್ದ ಅತ್ತೆ ಅಂಜನಾಬಾಯಿ ಬಂದವರೇ, ಕಾಲು ತೊಳೆಯುವ ಮೊದಲೇ ಸುದ್ದಿ ಹೇಳಿದರು.

"ಸೋಮವಾರ ಆಪರೇಶನ್. ಅಲ್ಲಿ ದವಾಖಾನಿ ಮನಷ್ಯಾ ಗ್ಯಾರಂಟಿ ಕೊಟ್ಟಾನ. ಗರ್ಭದ ನಳಿಗೀಗಿ ಗಂಟು ಹಾಕಿರ್ತಾರಂತ, ಬಿಚ್ಚಿದ್ರಾಯ್ತು. ವರ್ಷದಾಗ ತೊಟ್ಟಿಲಾ!"

ವಿಶಾಖಾಳ ಕೈಯಲ್ಲಿದ್ದ ರೊಟ್ಟಿ ಹರಿದು ಎರಡಾಯಿತು.

ಹೋದ ಮಳೆಗಾಲದಲ್ಲಿ ಡೆಂಗಿ ಜ್ವರ ಅವಳ ನಾಲ್ಕು ವರ್ಷದ ಸುಗತನನ್ನು ಕೊಂಡೊಯ್ದಿತ್ತು. ಒಂಬತ್ತು ವರ್ಷದ ಪ್ರಜ್ಞಾ ಒಬ್ಬಳೇ ಉಳಿದಿದ್ದಳು. ಸುಗತ ಹುಟ್ಟಿದ್ದು ತವರಿನಲ್ಲಿ, ಔರಾದಿನಲ್ಲಿ. ಮಕ್ಕಳಾಗದ ಆಪರೇಶನ್ನೂ ಆಗಲೇ, ಅಲ್ಲಿಯೇ ಆಗಿತ್ತು. ಅಂಜನಾಬಾಯಿಯ ಎದೆಯಲ್ಲಿ ಆ ಮುಳ್ಳು ಇನ್ನೂ ನಟ್ಟಿತ್ತು.

"ಬಾಣಂತನಕ್ಕ ಕಳಿಸಿದ್ರ ಬಾಗಲಾ ಮುಚ್ಚಿಸಿ ಕಳಿಸ್ಯಾರ ನಿನ್ನ ತವರಿನವರು. ಮುಚ್ಚಿಸಿದವರೇ ತೆಗೆಸ್ಲಿ. ನಿಮ್ಮವ್ವಗ ಹೇಳು, ಸೋಮವಾರ ಭಾಲ್ಕಿಗಿ ಬಾ ಅಂತ."

ವಿಶಾಖಾ ಗಂಡನ ಮುಖ ನೋಡಿದಳು. ನಾಗಸೇನ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅವ್ವ ಹೇಳೂದೂ ಖರೇನೇ ಅದಲ್ಲ" ಎಂದಷ್ಟೇ ಅಂದ.

ಮರುದಿನ ಮುಂಜಾನೆ ಓಣಿಯ ಆಶಾ ಕಾರ್ಯಕರ್ತೆ ಜಾಹೇದಾ ನೀರಿನ ಡ್ರಮ್ಮುಗಳಲ್ಲಿ ಸೊಳ್ಳೆ ಹುಳ ಇವೆಯೇ ಎಂದು ನೋಡಲು ಬಂದಳು. ಆ ಡ್ರಮ್ಮನ್ನು ವಿಶಾಖಾ ದಿನಾ ಉಜ್ಜುತ್ತಿದ್ದಳು. ಸುಗತ ಹೋದಂದಿನಿಂದ ಒಂದು ದಿನವೂ ಬಿಟ್ಟಿರಲಿಲ್ಲ.

"ಏನಾಗ್ಯಾದ ವಿಶಾಖಾ? ಮಾರಿ ಯಾಕ ಹಿಂಗ ಬಾಡ್ಯಾದ?"

ಉತ್ತರ ಕೊಟ್ಟವರು ಅಂಜನಾಬಾಯಿ. ಎಲ್ಲವನ್ನೂ ಕೇಳಿದ ಜಾಹೇದಾ ಕಟ್ಟೆಯ ಮೇಲೆ ಕುಳಿತಳು.

"ಕಾಕಿ, ಹಳೀ ಆಪರೇಶನ್ ಕಾಗದ ನೋಡ್ಯಾರೇನ್ರಿ ಅವರು?"

"ಗಂಟ ಬಿಚ್ಚಲಿಕ್ಕ ಕಾಗದ ಓದ್ಕೋತ ಕೂಡಬೇಕೇನ?"

"ಸೆರಗಿನ ಗಂಟಲ್ಲರಿ ಅದು. ಕೆಲವರಿಗಿ ನಳಿಗೀಗಿ ಉಂಗುರ ಹಾಕಿರ್ತಾರ, ಕೆಲವರಿಗಿ ಕತ್ತರಿಸಿ ತುಂಡೇ ತೆಗದಿರ್ತಾರ, ಕೆಲವರಿಗಿ ಸುಟ್ಟಿರ್ತಾರ. ಒಳಗ ಎಷ್ಟು ಉಳದದ ಅಂತ ಕೇಳದೇ ಹೊಟ್ಟಿ ಕೊಯ್ತಾರಂದ್ರ ಹ್ಯಾಂಗ?"

"ಗ್ಯಾರಂಟಿ ಅಂದಾನಲ್ಲ!"

"ಮಳಿ ಬರ್ತದಂತ ಯಾರರೆ ಗ್ಯಾರಂಟಿ ಕೊಡ್ತಾರೇನ್ರಿ? ಖರೇ ಡಾಕ್ಟರ್ ಇದಕ್ಕ ಗ್ಯಾರಂಟಿ ಕೊಡಂಗಿಲ್ಲ. ನಾಗಸೇನಣ್ಣಾ, ನಿಮ್ಮ ಟೆಸ್ಟ್ ಆಗ್ಯಾದೇನು?"

ಹೆಲ್ಮೆಟ್ ಹಿಡಿದು ಹೊರಟಿದ್ದ ನಾಗಸೇನ ಕೆಂಪಾದ. "ಎರಡು ಮಕ್ಕಳ ಅಪ್ಪಗ ಎಂಥಾ ಟೆಸ್ಟ್?"

"ಐದು ವರ್ಷದ ಹಿಂದ ಬೋರಿಗಿ ನೀರಿತ್ತಂತ ಇವತ್ತೂ ನೋಡದೇ ಮೋಟರ್ ಕೂಡಸ್ತೀರೇನು ಅಣ್ಣಾ? ನಿಮ್ಮ ಟೆಸ್ಟಿಗಿ ಕತ್ತರಿ ಬ್ಯಾಡ, ಒಂದು ಸಣ್ಣ ಡಬ್ಬಿ ಸಾಕು. ಅಕಿಗಿ ಕತ್ತರಿ ಹಾಕೂ ಮೊದಲ ನಿಮ್ಮದು ಆಗ್ಲಿ."

ನಾಗಸೇನ ಗಾಡಿ ಚಾಲೂ ಮಾಡಿ ಹೊರಟೇಹೋದ. ಜಾಹೇದಾ ವಿಶಾಖಾಳ ಕಿವಿಯಲ್ಲಿ ಹೇಳಿದಳು: "ಆ ಕಾಗದ ತಗೊಂಡು ಬಾ. ಸೋಮವಾರ ಮುಂಜಾನಿ ಬೀದರ ದವಾಖಾನಿ ಫರಹತ ಡಾಕ್ಟರಿಗಿ ತೋರಸೋಣು."

ಕಾಗದ ಎಲ್ಲಿದೆ ಎಂಬುದು ವಿಶಾಖಾಳಿಗೆ ಗೊತ್ತಿತ್ತು. ಉಜ್ಜಿದ ಡ್ರಮ್ಮನ್ನೇ ಮತ್ತೆ ಉಜ್ಜಲು ಕುಳಿತಳು.

ಶನಿವಾರ ಔರಾದಿನ ಬಸ್ಸು ಹತ್ತಿದಳು. ತವರಿನ ಗೂಟಕ್ಕೆ ಒಂದು ಬಟ್ಟೆಯ ಚೀಲ ತೂಗುತ್ತಿತ್ತು. ಆಸ್ಪತ್ರೆಯ ಕಾಗದ, ಸುಗತನ ಲಸಿಕೆ ಕಾರ್ಡು, ಅವನ ತಲೆಗೆ ಕಟ್ಟುತ್ತಿದ್ದ ಕುಲಾಯಿ, ಎಲ್ಲವೂ ಅದರೊಳಗೆ. ಅವನು ಹೋದ ಮೇಲೆ ಅವಳ ತಾಯಿ ಮಹಾಮಾಯಾ ಚೀಲದ ಬಾಯಿಯನ್ನು ಹೊಲಿದುಬಿಟ್ಟಿದ್ದರು.

"ಅದು ಬಿಚ್ಚಬ್ಯಾಡ ನನ್ನವ್ವ" ಎಂದು ಮಹಾಮಾಯಾ ಅಡ್ಡ ಬಂದರು. "ಎರಡಾದ್ವು, ಸಾಕು ಮಾಡು ಅಂದಾಕಿ ನಾನೇ. ನನ್ನ ನಾಲಿಗೀಗಿ ಬೆಂಕಿ ಬೀಳ್ಲಿ."

"ಅವ್ವಾ, ನೀ ಅಂದಿದ್ದಿ. ಸಹಿ ಮಾಡಿದಾಕಿ ನಾ. ನನಗೂ ಸಾಕಾಗಿತ್ತು. ಆ ಮಾತು ನಿನ್ನ ತಲಿ ಮ್ಯಾಲ ಹೊರಸಂಗಿಲ್ಲ."

ಒಂದೊಂದೇ ಹೊಲಿಗೆ ಬಿಚ್ಚಿದಳು. ಕುಲಾಯಿಯನ್ನು ಮುಟ್ಟಲಿಲ್ಲ. ಕಾಗದ ಸಿಕ್ಕಿತು.

ಸೋಮವಾರ. ಭಾಲ್ಕಿಯವರು ಹೇಳಿದಂತೆ ವಿಶಾಖಾ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಅಂಜನಾಬಾಯಿ ಚಾದರ, ಲೋಟ, ತಮಗೆಂದು ರೊಟ್ಟಿಯ ಗಂಟು ಕಟ್ಟಿಕೊಂಡು ಸಿದ್ಧವಾಗಿ ನಿಂತಿದ್ದರು. "ಮೊದಲ ಬೀದರ ದವಾಖಾನಿಗೇ ತೋರಸು, ಬ್ಯಾಡ ಅನ್ನಂಗಿಲ್ಲ. ಆದರ ಹನ್ನೊಂದಕ್ಕ ಭಾಲ್ಕಿ ಮುಟ್ಟಬೇಕು."

ನಾಗಸೇನನೂ ಜಾಹೇದಾಳೂ ಜೊತೆಗೆ ಬಂದರು. ಬೀದರ ದವಾಖಾನೆಯಲ್ಲಿ ಡಾಕ್ಟರ್ ಫರಹತ ಕಾಗದವನ್ನು ಎರಡು ಸಲ ಓದಿದರು.

"ಸಿಜೇರಿಯನ್ ಮಾಡಿದಾಗಲೇ ಎರಡೂ ಕಡೆ ನಳಿಗಿ ಕತ್ತರಿಸಿ ತುಂಡು ತೆಗದಾರ. ಬಿಚ್ಚಲಿಕ್ಕ ಗಂಟೇ ಇಲ್ಲರಿ ಅಜ್ಜಿ. ಉಳಿದದ್ದನ್ನ ಜೋಡಸಬೇಕು. ಕೆಲವರಿಗಿ ಜೋಡಿಸಿದ ಮ್ಯಾಲ ಬಸಿರು ನಿಲ್ತದ, ಕೆಲವರಿಗಿ ನಿಲ್ಲಂಗಿಲ್ಲ. ವಯಸ್ಸು ನೋಡಬೇಕು, ನಳಿಗಿ ಎಷ್ಟು ಉಳದದ ನೋಡಬೇಕು, ಗಂಡನ ವೀರ್ಯದ ಟೆಸ್ಟ್ ಮೊದಲ ಆಗಬೇಕು. ಜೋಡಿಸಿದ ಮ್ಯಾಲ ಬಸಿರು ನಳಿಗಿಯೊಳಗೇ ನಿಲ್ಲೂ ಅಪಾಯ ಅದ. ಆಗ ತಡ ಮಾಡಿದ್ರ ಜೀವಕ್ಕೇ ಬರ್ತದ. ಈಕಿಗಿ ಎರಡೂ ಹೆರಿಗೀಗಿ ಹೊಟ್ಟಿ ಕೊಯ್ದದ್ದೂ ಅದ."

ಅಂಜನಾಬಾಯಿಯ ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ಭಾಲ್ಕಿಯದು. ಯಾರೂ ಎತ್ತಲಿಲ್ಲ.

"ಈಗ ಎಲ್ಲಾರೂ ಜರಾ ಹೊರಗ ಕೂಡ್ರಿ" ಎಂದರು ಡಾಕ್ಟರು. ಬಾಗಿಲು ಮುಚ್ಚಿದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ನಿಮ್ಮ ಅತ್ತಿಯವರಿಗಿ ಏನ್ ಬೇಕು ಗೊತ್ತಾಯ್ತು. ನಿನಗ ಏನ್ ಬೇಕವ್ವ?"

ಹತ್ತು ತಿಂಗಳಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ.

"ನನಗ ಸುಗತ ಬೇಕ್ರಿ."

ಡಾಕ್ಟರು ಅವಳ ಕೈ ಹಿಡಿದರು. "ಅದು ಯಾವ ಆಪರೇಶನ್ನಿಗೂ ಆಗಂಗಿಲ್ಲವ್ವ."

"ಗೊತ್ತದರಿ. ಹುಟ್ಟೂ ಕೂಸಿನ ಮಾರಿಯೊಳಗ ಅವನನ್ನೇ ಹುಡುಕ್ತೇನಿ. ಸಿಗಲಿಲ್ಲಂದ್ರ ಆ ಕೂಸಿನ ಗತಿ ಏನು? ಅದಕ್ಕೇ ನನಗ ಅಂಜಿಕಿ."

"ಹಂಗಿದ್ರ ಇವತ್ತು ಹೂಂ ಅನಬ್ಯಾಡ. ಮುಂದ ನಿನಗೇ ಬೇಕನಿಸಿದ್ರ ಬಾ. ಇನ್ನೂ ಮೂವತ್ತೆರಡು, ಭಾಳ ವರ್ಷ ತಡ ಮಾಡಬ್ಯಾಡ. ಬ್ಯಾಡನಿಸಿದ್ರ ಅದೂ ತಪ್ಪಲ್ಲ. ಎರಡೂ ನಿನ್ನ ಮಾತೇ."

ಹೊರಗಿನ ಬೆಂಚಿನ ಮುಂದೆ ವಿಶಾಖಾ ನಿಂತಳು.

"ಅತ್ತಿ, ಇವತ್ತು ನಾ ಭಾಲ್ಕಿಗಿ ಬರಂಗಿಲ್ಲರಿ. ಸುಗತನ ದುಃಖ ಆರೂ ಮೊದಲ ಇನ್ನೊಂದು ಕೂಸು ಹೊರಲಿಕ್ಕ ನನ್ನಿಂದ ಆಗಂಗಿಲ್ಲ. ಬೇಕಾದಾಗ ನಾನೇ ಹೇಳ್ತೇನಿ."

ನಾಗಸೇನ ಎದ್ದು ನಿಂತ. ತಾಯಿಯ ಮುಖ ನೋಡಲಿಲ್ಲ, ಹೆಂಡತಿಯ ಮುಖ ನೋಡಿದ. "ಮುಂದ ಅಕಿ ಹೂಂ ಅಂದ್ರ ಮೊದಲ ನನ್ನ ಟೆಸ್ಟ್ ಆಗ್ಲಿ, ಅವ್ವಾ."

ಫೋನು ಮತ್ತೆ ಬಡಿದುಕೊಂಡಿತು. ಅಂಜನಾಬಾಯಿ ಅದನ್ನು ಹೊರತೆಗೆದು ಕಿವಿಗಿಟ್ಟರು.

"ಹಲೋ... ಹೌದ್ರಿ, ಅಂಜನಾಬಾಯಿನೇ. ಬರಂಗಿಲ್ಲ. ಯಾಕಂದ್ರ? ನೀವು ಕಾಗದಾನೇ ಕೇಳಲಿಲ್ಲ, ಅದಕ್ಕ. ನಮ್ಮ ಸೊಸಿಗೂ ನಾವು ಕೇಳಿರಲಿಲ್ಲ, ಅದಕ್ಕ."

ಫೋನು ಇಟ್ಟು ರೊಟ್ಟಿಯ ಗಂಟು ಬಿಚ್ಚಿದರು. ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ಸೊಸೆಯ ಕೈಗಿಟ್ಟರು.

"ತಿನ್ನು. ರಾತ್ರಿಯಿಂದ ಹಸದೀದಿ. ಸಂಜಿಗಿ ನಿಮ್ಮವ್ವಗ ಫೋನ್ ಹಚ್ಚಿ ಕೊಡು. ಬೀಗತಿಗಿ ನಾ ಭಾಳ ಅಂದೀನಿ."

ಅಕ್ಕತಂಗಿಯರೇ, ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡವರು ಮತ್ತೆ ಮಗು ಬೇಕೆಂದರೆ ನಾಚಬೇಕಿಲ್ಲ, ದಾರಿ ಇರಬಹುದು. ಆದರೆ ಹಳೆಯ ಕಾಗದ ಹುಡುಕಿಕೊಂಡು, ಗಂಡನನ್ನೂ ಜೊತೆಗೆ ಕರೆದುಕೊಂಡು, ತಿಳಿದ ಡಾಕ್ಟರ ಹತ್ತಿರ ಹೋಗಿರಿ. ಗ್ಯಾರಂಟಿ ಎಂದವನ ಬಾಗಿಲಿಂದ ಹಿಂದಕ್ಕೆ ಬನ್ನಿರಿ. ಜೋಡಿಸುವ ಆಪರೇಶನ್ ಆದ ಮೇಲೆ ಮುಟ್ಟು ನಿಂತರೆ ಒಂದು ದಿನವೂ ಕಾಯದೆ ತೋರಿಸಿರಿ. ಅತ್ತೆಯಂದಿರೇ, ಗಂಡಂದಿರೇ, ತಾರೀಖು ಗೊತ್ತು ಮಾಡುವ ಮೊದಲು ಆಕೆಯನ್ನು ಒಂದು ಮಾತು ಕೇಳಿರಿ. ಕೇಳಿ ಸುಮ್ಮನೆ ಕುಳಿತುಕೊಳ್ಳಿರಿ, ಅವಳು ಉತ್ತರ ಹೇಳುವ ತನಕ.