ವೋಲ್ಗಾದ ಮೇಲೆ ನೆಟ್ಟ ಕೊಂಬೆಗಳು

ಚಳಿಗಾಲ ಪೂರ್ತಿ ವೋಲ್ಗಾ ನದಿಯೇ ದಾರಿ. ಹೆಪ್ಪುಗಟ್ಟಿದ ನೀರಿನ ಮೇಲೆ ಗಟ್ಟಿ ಜಾಗ ನೋಡಿ ಫರ್ ಮರದ ಕೊಂಬೆ ನೆಟ್ಟಿರುತ್ತಾರೆ. ಅದರ ಗುರುತು ಹಿಡಿದು ಹೋದವನು ಆಚೆ ದಡ ಮುಟ್ಟುತ್ತಾನೆ. ಹಿಮ ಕರಗತೊಡಗಿದೊಡನೆ ಊರ ಹಿರಿಯ ಅವನ್ನು ಕೀಳಿಸುತ್ತಾನೆ. ಕೊಂಬೆ ಇಲ್ಲವೆಂದರೆ ದಾರಿ ಇಲ್ಲ.

ಫೆತೀನ್ಯಾಳ ಗಂಡ ಯೆವ್ಸೇ ಹುಲ್ಲು ತರಲು ಕುದುರೆಗೆ ಜಾರುಬಂಡಿ ಕಟ್ಟಿಕೊಂಡು ಆಚೆ ದಡಕ್ಕೆ ಹೋಗಿದ್ದ. "ಕೊಂಬೆ ಕಿತ್ತಿದ್ರೆ ತಂಗಿ ಮನೇಲೇ ಬಿದ್ದಿರ್ತೀನಿ ಕಣೇ, ಗೋಳಾಡ್ಬೇಡ," ಎಂದಿದ್ದ. ಮರುದಿನವೇ ಕಿತ್ತರು. ಆಕೆ ನಿಶ್ಚಿಂತಳಾದಳು.

ಅವಳ ಮನೆಯಲ್ಲಿ ಪಟ್ಟಣದ ಚಿತ್ರಕಾರ ಇಪ್ಪೊಲಿತ್ ಲ್ವೋವಿಚ್ ಬಿಡಾರ ಹೂಡಿದ್ದ. ಎಳೆ ವಸಂತವನ್ನು ಬರೆಯುವ ಹಂಬಲ ಆತನದು. ಭಾನುವಾರ ಫೆತೀನ್ಯಾ ಚರ್ಚಿನಿಂದ ಬರುವಾಗ ದಡದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದ. ಅವಳು ಇಣುಕಿದಳು.

"ಏನ್ ಧಣೀ, ಬರೀ ಕೆಸರು ಬರ್ದಿದ್ದೀರಲ್ಲ! ನಮ್ಮ ಅಂಗಳದಲ್ಲೇ ಬಿಟ್ಟಿ ಕೊಡ್ತಿದ್ದೆ."

"ಪಟ್ಟಣದೋರು ಇದನ್ನ ನೋಡಿ ಕಣ್ಣೀರು ಹಾಕ್ತಾರೆ, ನೋಡ್ತಿರು," ಎಂದು ಆತ ನಕ್ಕ.

ಚಿತ್ರದಲ್ಲಿ ಬೂದು ಹಿಮ, ಬತ್ತಲೆ ಮರಗಳು, ಎಲ್ಲ ಇದ್ದ ಹಾಗೇ. ನದಿಯ ನಡುವೆ ಮಾತ್ರ ಕಪ್ಪು ಗುರುತುಗಳ ಸಾಲು.

"ಇದೇನು ಧಣೀ?"

"ಕೊಂಬೆ. ದಡದಲ್ಲಿ ರಾಶಿ ಹಾಕಿದ್ರಲ್ಲ, ಬೆಳಿಗ್ಗೆ ನಾನೇ ಒಂದಷ್ಟು ನೆಟ್ಬಂದೆ. ಅದಿಲ್ದೆ ಭಣಭಣ ಅಂತಿತ್ತು."

ಮುಂಜಾನೆಯ ಚಳಿಗೆ ಮಂಜುಗಡ್ಡೆ ಅವನೊಬ್ಬನನ್ನು ಹೊತ್ತಿತ್ತು. ಈಗ ಬಿಸಿಲೇರಿತ್ತು. ಫೆತೀನ್ಯಾ ತಿರುಗಿ ನೋಡಿದಳು. ಹುಲ್ಲು ಹೇರಿದ ಬಂಡಿಯೊಂದು ಕೊಂಬೆಯಿಂದ ಕೊಂಬೆಗೆ ನೆಮ್ಮದಿಯಾಗಿ ಬರುತ್ತಿತ್ತು.

"ಹಿಂದಕ್ಕೋಗು ಯೆವ್ಸೇ! ಹಿಂದಕ್ಕೋಗು!"

ಎದುರು ಗಾಳಿ ಅವಳ ಕೂಗನ್ನು ಅವಳ ಬಾಯಿಗೇ ತುರುಕಿತು. ಹೆಂಡತಿ ಕೈಬೀಸಿ ಕರೆಯುತ್ತಿದ್ದಾಳೆಂದುಕೊಂಡು ಯೆವ್ಸೇ ಎದ್ದುನಿಂತು ಟೋಪಿ ಎತ್ತಿದ. ಹುಲ್ಲಿನ ಹೊರೆ ವಾಲಿತು. ಕುದುರೆಯ ಕತ್ತು ಒಮ್ಮೆ ಮೇಲೆದ್ದಿತು. ಆಮೇಲೆ ನೀರ ಮೇಲೆ ಹುಲ್ಲಷ್ಟೇ ಉಳಿಯಿತು.

ಹಗ್ಗ, ಉದ್ದ ಕೋಲು ಹಿಡಿದು ಓಡಿದವರು ಬರಿಗೈಲಿ ಮರಳಿದರು. "ಇವನನ್ನೂ ಅಲ್ಲಿಗೇ ನೂಕ್ರೋ!" ಎಂದು ಯಾರೋ ಚಿತ್ರಕಾರನ ಕೊರಳಪಟ್ಟಿ ಹಿಡಿದರು, ಊರ ಹಿರಿಯ ಬಿಡಿಸಿದ. ಅವನನ್ನು ಊರಾಚೆ ಅಟ್ಟೋಣವೆಂದರೆ ನದಿ ಒಡೆದಿದೆ, ಇತ್ತ ದಾರಿಯಲ್ಲಿ ಕುದುರೆಯ ಹೊಟ್ಟೆ ಮುಟ್ಟುವ ಕೆಸರು. ಯಾವ ಮನೆಯೂ ಕದ ತೆಗೆಯಲಿಲ್ಲ. ಸಂಜೆ ಅವನು ಫೆತೀನ್ಯಾಳ ಹೊಸ್ತಿಲಿಗೇ ಬಂದು ನಿಂತ.

"ನಂಗೆ ಗೊತ್ತಿರ್ಲಿಲ್ಲ, ತಾಯಿ."

ಅವಳು ಮುಖ ನೋಡಲಿಲ್ಲ. ಎಲೆಕೋಸಿನ ಸಾರು ಬಟ್ಟಲಿಗೆ ಬಗ್ಗಿಸಿ ಮೇಜಿನ ಅಂಚಿಗೆ ತಳ್ಳಿದಳು.

"ತಿನ್ನು. ನೀನು ಸತ್ರೆ ಆ ಪಾಪಾನೂ ನಂಗ್ಯಾಕೆ."

ದಾರಿ ಒಣಗುವವರೆಗೂ ಇಬ್ಬರಿಗೂ ಅದೊಂದೇ ಒಲೆ.