ಬಿದ್ದ ಚೌಕ, ಎದ್ದ ಚೌಕ

ಎದುರು ಗೋಡೆಯ ಮನುಷ್ಯದೇಹದ ಪಟದಲ್ಲಿ ಹೃದಯ ಇರಬೇಕಾದಲ್ಲೇ ಇದೆ, ಎದೆಯ ನಡುವೆ, ತುದಿ ಮಾತ್ರ ಎಡಕ್ಕೆ ಚೂರು ವಾಲಿಕೊಂಡು — ಯಾರೋ ಪುಣ್ಯಾತ್ಮ ನೋಡಿ ಬರೆದಿದ್ದಾನೆ, ನನ್ನ ತಮ್ಮ ಬರೆದಿದ್ದರೆ ಅದು ಎಡಗಂಕುಳಲ್ಲಿ ಹೋಗಿ ಕೂತಿರುತ್ತಿತ್ತು, ಎಂದುಕೊಂಡಳು, ಎಂದುಕೊಂಡ ಕೂಡಲೇ ನಾಲಿಗೆ ಕಚ್ಚಿಕೊಂಡಳು, ಈಗ ಆಡುವ ಮಾತೇ ಇದು, ತಮ್ಮ ಆ ಆಪರೇಷನ್ ಕೋಣೆಯ ಬಾಗಿಲ ಹಿಂದೆ ತಲೆ ಬೋಳಿಸಿಕೊಂಡು ಮೇಜಿನ ಮೇಲೆ ಮಲಗಿರುವಾಗ. ಇಪ್ಪತ್ತೆರಡು ವರ್ಷ ಈ ಬೆಂಚಿನ ಮುಂದೆ ಓಡಾಡಿದ್ದಾಳೆ, ನರ್ಸಿನ ಬಿಳಿ ಉಡುಪಿನಲ್ಲಿ, ಕೂತವರ ಮುಖ ನೋಡದೆ, ನೋಡಿದರೆ ಏನಾದರೂ ಕೇಳಿಬಿಡುತ್ತಾರಲ್ಲ ಎಂದು, ಇವತ್ತು ಮನೆಯ ಚಪ್ಪಲಿಯಲ್ಲೇ ಬಂದು ತಾನೇ ಕೂತಿದ್ದಾಳೆ, ಬೆಂಚು ಇಷ್ಟು ತಣ್ಣಗಿರುತ್ತದೆಂದು ಗೊತ್ತೇ ಇರಲಿಲ್ಲ. ಅವನು ಒಳಗೆ ಹೋಗಿ ಒಂದು ಗಂಟೆ ಹತ್ತು ನಿಮಿಷ. ಅವನ ಪುಟಗಳು ಅವಳ ಮಡಿಲಲ್ಲೇ ಇವೆ, ಹೇಗೆ ಎತ್ತಿಕೊಂಡು ಬಂದೆನೋ, ಚೀಲ ಬಿಟ್ಟು, ಫೋನು ಬಿಟ್ಟು, ಇವನ್ನು. ಪ್ರತಿ ಭಾನುವಾರ ತರುತ್ತಾನೆ, ಮಕ್ಕಳ ವಾರಪತ್ರಿಕೆಗೆ ಹನ್ನೆರಡು ವರ್ಷದಿಂದ ಬರೆಯುವ ಚಿತ್ರಕಥೆಯ, ಹಾರುವ ಹೀರೋ ಗಗನಗಲಿಯ ಪುಟಗಳನ್ನು, ಅಕ್ಕಾ ಸ್ವಲ್ಪ ನೋಡು ಅನ್ನುತ್ತಾನೆ, ಅವಳು ಕೆಂಪು ಪೆನ್ಸಿಲ್ ತೆಗೆಯುತ್ತಾಳೆ. ಹೊಟ್ಟೆಯ ಮೇಲೆ ಹನ್ನೆರಡು ಸ್ನಾಯುವಿನ ಗಂಟು ಎದ್ದಿದೆಯಲ್ಲೋ, ಮನುಷ್ಯರಿಗೆ ಅಷ್ಟಿಲ್ಲ. ಈ ಹುಡುಗಿಯ ಸೊಂಟದೊಳಗೆ ಪಿತ್ತಕೋಶಕ್ಕೆ ಜಾಗ ಎಲ್ಲಿ, ಕೈಚೀಲದಲ್ಲಿ ಇಟ್ಕೊಂಡಿದಾಳಾ. ಗುಂಡು ಹೊರಗೆ ತೆಗೆದು ತಟ್ಟೆಗೆ ಟಣ್ ಅಂತ ಹಾಕಿದರೆ ಗಾಯ ವಾಸಿಯಾಗಲ್ಲ, ಅದು ಹೋದ ದಾರಿಯಲ್ಲಿ ಕರುಳು ಹರಿದಿರುತ್ತೆ. ಹತ್ತನೇ ಮಹಡಿಯಿಂದ ಬೀಳುವವಳನ್ನು ನೆಲಕ್ಕೆ ಮೂರಡಿ ಇರುವಾಗ ಉಕ್ಕಿನ ತೋಳಲ್ಲಿ ಹಿಡಿದರೆ ಅವಳಿಗೆ ನೆಲವೂ ಒಂದೇ ತೋಳೂ ಒಂದೇ. ಎದೆಬಡಿತದ ಗೆರೆ ನೆಟ್ಟಗಾದ ಮೇಲೆ ಎದೆಗೆ ಕರೆಂಟು ಕೊಟ್ಟರೆ ಯಾರೂ ಎದ್ದು ಕೂರಲ್ಲ ಕಣೋ. ಅವನು ನಗುತ್ತಿದ್ದ, ನಿನ್ನ ಮಾತು ಕೇಳಿದ್ರೆ ನನ್ನ ಹೀರೋ ಮೊದಲನೇ ಪುಟದಲ್ಲೇ ಆಸ್ಪತ್ರೆ ಸೇರ್ತಾನೆ, ಕೊನೇ ಪುಟದವರೆಗೂ ಗಂಜಿ ಕುಡೀತಾನೆ, ಓದೋರು ಯಾರು. ಒಂದೊಂದು ತಿದ್ದುತ್ತಿದ್ದ, ಒಂದೊಂದು ಬಿಡುತ್ತಿದ್ದ, ತಲೆಗೆ ಬೀಳುವ ಏಟನ್ನು ಮಾತ್ರ ಯಾವತ್ತೂ ತಿದ್ದಲಿಲ್ಲ, ಒಂದು ಚೌಕದಲ್ಲಿ ಬೀಳುತ್ತಾನೆ, ಮುಂದಿನ ಚೌಕದಲ್ಲಿ ತಲೆ ಕೊಡವಿ ಏಳುತ್ತಾನೆ, ಅದರ ಮುಂದಿನದರಲ್ಲಿ ಹಾರುತ್ತಾನೆ, ಎಷ್ಟು ಸಲ ಬರೆದಿದ್ದಾಳೆ ಅಂಚಿನಲ್ಲಿ, ಎಚ್ಚರ ತಪ್ಪಿದವನು ಹಾರಬಾರದು, ಆಸ್ಪತ್ರೆಗೆ ಹೋಗಬೇಕು, ಅಡಿಗೆರೆ ಹಾಕಿ ಬರೆದಿದ್ದಾಳೆ.

ಬರೆದದ್ದೇ ಬಂತು. ಇವತ್ತು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿಕೊಡು ಎಂದವಳೂ ಅವಳೇ, ಇರು ಸ್ಟೂಲು ಹಿಡ್ಕೋತೀನಿ ಅನ್ನುವಷ್ಟರಲ್ಲಿ ಅವನು ಹತ್ತಿಯಾಗಿತ್ತು, ಸ್ಟೂಲು ಮಗುಚಿತು, ಬಲಗಿವಿಯ ಮೇಲುಗಡೆ ಮೇಜಿನ ಅಂಚಿಗೆ ತಗುಲಿದ ಸದ್ದು, ದೊಡ್ಡದೇನಲ್ಲ, ಬಾಗಿಲು ತಟ್ಟಿದಷ್ಟೇ. ಅಲ್ಲಿ ಮೂಳೆ ತೆಳು, ಅದರ ಒಳಮೈಗೆ ಅಂಟಿಕೊಂಡೇ ರಕ್ತನಾಳ ಹೋಗುತ್ತದೆ, ಇದನ್ನು ಹೊಸ ನರ್ಸುಗಳಿಗೆ ವರ್ಷವರ್ಷವೂ ಹೇಳಿಕೊಡುವವಳು ಅವಳು. ಅರ್ಧ ನಿಮಿಷ ಅವನಿಗೆ ಪ್ರಜ್ಞೆ ಇರಲಿಲ್ಲ, ಆಮೇಲೆ ಕಣ್ಣು ಬಿಟ್ಟ, ತಲೆ ಕೊಡವಿದ, ನಕ್ಕ — ನೋಡಿದ್ಯಾ ಅಕ್ಕಾ, ಎದ್ದ ಗಗನಗಲಿ. ಅವಳೂ ನಕ್ಕಳು. ನಕ್ಕುಬಿಟ್ಟಳಲ್ಲ. ಊದಿದ ಜಾಗಕ್ಕೆ ಐಸು ಒತ್ತಿದಳು, ಇದು ಯಾವ ವರ್ಷ, ನನ್ನ ಕೈಲಿ ಎಷ್ಟು ಬೆರಳು ಅಂತ ಕೇಳಿದಳು, ಅವನು ಸರಿಯಾಗಿ ಹೇಳಿ, ಮೇಲೊಂದು ತಮಾಷೆಯನ್ನೂ ಸೇರಿಸಿ, ಕಾಫಿ ಕುಡಿದು, ಅರ್ಧ ಪುಟಕ್ಕೆ ಇಂಕು ಕೂಡ ಹಾಕಿದ, ಗೆರೆ ಒಂದೂ ನಡುಗಿಲ್ಲ, ಇಲ್ಲೇ ಇದೆ ನೋಡು. ಬೇರೆ ಯಾರ ತಮ್ಮನಾಗಿದ್ದರೂ ಅವಳು ಆ ಅರ್ಧ ನಿಮಿಷ ಕೇಳಿದ ಕೂಡಲೇ ಗಾಡಿ ಹತ್ತಿಸುತ್ತಿದ್ದಳು, ಒಂದು ಮಾತು ಬೇಡ, ಬನ್ನಿ ಎನ್ನುತ್ತಿದ್ದಳು. ಹನ್ನೆರಡು ವರ್ಷ ಅವನಿಗೆ ಗೊತ್ತಿಲ್ಲದ್ದಕ್ಕೆ ಪುಟಗಳ ಆ ತಪ್ಪುಗಳು ಎಂದುಕೊಂಡಿದ್ದಳು, ಅಲ್ಲ, ಅವನ ತಪ್ಪುಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ಏಟನ್ನು ಮನ್ನಿಸುವ ಮೈಯ ಕಡೆಗೆ, ಅಪ್ಪ ಕಾರ್ಖಾನೆಯ ಮೆಟ್ಟಿಲ ಮೇಲಿಂದ ಬಿದ್ದು ಮತ್ತೆ ಏಳದೆ ಹೋದಾಗ ಅವನಿಗೆ ಒಂಬತ್ತು ವರ್ಷ, ಆ ವರ್ಷವೇ ಅಲ್ಲವೇ ನೋಟುಬುಕ್ಕಿನ ಹಿಂದೆ ಮೊದಲು ಬರೆದದ್ದು, ಬೀಳುವ ಮನುಷ್ಯ, ಏಳುವ ಮನುಷ್ಯ. ಇವತ್ತು ಬೆಳಿಗ್ಗೆ ಅವಳಿಗೂ ಅದೇ ಮೈ ಬೇಕಾಗಿತ್ತು, ಅಷ್ಟೇ, ಎಲ್ಲ ಗೊತ್ತಿದ್ದೂ. ಸ್ವಲ್ಪ ತಲೆ ನೋಯ್ತಿದೆ, ಐದು ನಿಮಿಷ ಮಲಗ್ತೀನಿ ಎಂದ. ಹೊದಿಕೆ ಹೊದಿಸಿದವಳೂ ಅವಳೇ.

ಒಲೆಯ ಮುಂದೆ ನಿಂತಿದ್ದಾಗ ಗೊರಕೆ ಕೇಳಿತು, ತಮ್ಮ ಗೊರಕೆ ಹೊಡೆಯುವವನಲ್ಲ, ಅದು ವಾರ್ಡಿನಲ್ಲಿ ಪ್ರಜ್ಞೆ ತಪ್ಪಿದವರ ಗೊರಕೆ, ಒದ್ದೆ, ಎಳೆದು ಎಳೆದು ಬರುವುದು, ಕೈಯ ಸೌಟು ಎಲ್ಲಿ ಬಿತ್ತೋ, ಕರೆದರೆ ಓಗೊಡಲಿಲ್ಲ, ಚಿವುಟಿದರೆ ಏಳಲಿಲ್ಲ, ರೆಪ್ಪೆ ಎತ್ತಿ ಟಾರ್ಚು ಬಿಟ್ಟಳು, ಎಡಗಣ್ಣಿನ ಪಾಪೆ ಕುಗ್ಗಿತು, ಬಲಗಣ್ಣಿನದು ಕುಗ್ಗಲಿಲ್ಲ. ದೊಡ್ಡದಾಗಿ, ಕಪ್ಪಗೆ, ಬೆಳಕನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಒಳಗೆ ರಕ್ತ ಸೋರಿ ಮಿದುಳನ್ನು ಒತ್ತುತ್ತಿದೆ ಎಂದರ್ಥ. ಪಕ್ಕದ ಮನೆಯ ಮೇಷ್ಟ್ರು ಕಾರು ತೆಗೆದರು, ಮೇಡಂ ಹೆದರಬೇಡಿ ಅನ್ನುತ್ತಲೇ ಇದ್ದರು, ಹಿಂದಿನ ಸೀಟಿನಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಮತ್ತೆ ಟಾರ್ಚು ಬಿಟ್ಟಳು, ಕುಗ್ಗಲಿಲ್ಲ, ಈಗ ಈ ಬೆಂಚಿನಲ್ಲಿ ಮಡಿಲ ಪುಟ ನೋಡಿದರೆ ಗಗನಗಲಿಗೆ ಪಾಪೆಯೇ ಇಲ್ಲ, ಮುಖವಾಡದೊಳಗೆ ಬರೀ ಬಿಳಿ, ಇವನು ಬದುಕಿದ್ದಾನೋ ಇಲ್ಲವೋ ನಾನು ಹೇಗೆ ತಿಳ್ಕೊಳ್ಳಲಿ ಅಂತ ಹಿಂದೊಮ್ಮೆ ಕೇಳಿದ್ದಕ್ಕೆ ಅವನು, ಪಾಪೆ ಬರೆದ್ರೆ ಹೆದರಿರೋದು ಕಾಣುತ್ತೆ ಅಕ್ಕಾ, ಎಂದಿದ್ದ. ಬಾಗಿಲು ತೆರೆಯಿತು. ಆಪರೇಷನ್ ಮಾಡಿದ ಡಾಕ್ಟರಮ್ಮ, ಟೋಪಿ ತೆಗೆದ ಹಣೆಯ ಮೇಲೆ ಅಚ್ಚು ಬಿದ್ದಿದೆ, ಹೆಪ್ಪುಗಟ್ಟಿದ್ದ ರಕ್ತ ತೆಗೆದಿದ್ದೇವೆ, ಸೋರುವುದು ನಿಂತಿದೆ, ಸರಿಯಾದ ಹೊತ್ತಿಗೆ ತಂದ್ರಿ ಸಿಸ್ಟರ್. ಇಲ್ಲ, ಮುಕ್ಕಾಲು ಗಂಟೆ ತಡ ಮಾಡಿದೆ, ಚೆನ್ನಾಗಿ ಮಾತಾಡ್ತಿದ್ದ, ನಾನು ನಂಬಿಬಿಟ್ಟೆ, ಎಂದಳು. ಡಾಕ್ಟರಮ್ಮ ಪಕ್ಕದಲ್ಲಿ ಕೂತರು, ಬೆಂಚು ಕಿರುಗುಟ್ಟಿತು, ನಮ್ಮಣ್ಣ ಬಿದ್ದಾಗ ನಾನೂ ಹಾಗೇ ನಂಬಿದ್ದೆ, ಎಂದರು, ಒಳಗೆ ಹೋಗಿ ನೋಡಿ ಬನ್ನಿ. ಹೋದಳು. ತಲೆಗೆ ಸುತ್ತಿದ ಬಟ್ಟೆ, ಬಾಯಲ್ಲಿ ಕೊಳವೆ, ಇಂಕಿನ ಕಲೆ ಇನ್ನೂ ಹೋಗದ ಬೆರಳು, ಯಂತ್ರದ ಅಂಕಿಗಳು ಚೆನ್ನಾಗಿವೆ, ಅಂಕಿ ಯಾರಿಗೆ ಬೇಕು, ಟಾರ್ಚು ಕೊಡಮ್ಮ ಅಂದಳು ಅಲ್ಲಿದ್ದ ನರ್ಸಿಗೆ, ಎಡರೆಪ್ಪೆ ಎತ್ತಿದಳು, ಕುಗ್ಗಿತು, ಬಲರೆಪ್ಪೆ ಎತ್ತಿದಳು, ಅದೇ ಕಪ್ಪು, ಅಷ್ಟೇ ದೊಡ್ಡದು, ಬೆಳಕು ಅದರ ಮೇಲೆ ನಿಂತಿತು, ಅವಳ ಉಸಿರೂ ನಿಂತಿತು — ಅಂಚು ಅಲುಗಿತು, ಸುತ್ತಲೂ, ಒಳಕ್ಕೆ, ನಿಧಾನವಾಗಿ, ಎಡದಷ್ಟಲ್ಲ, ಅರ್ಧದಷ್ಟು — ಟಾರ್ಚು ಆರಿಸಿದಳು, ಹಿಗ್ಗಿತು, ಹಚ್ಚಿದಳು, ಕುಗ್ಗಿತು — ಮತ್ತೆ ಹಚ್ಚಿದಳು — ಕಪ್ಪು ಚುಕ್ಕೆ, ಒಳಕ್ಕೆ — ಕಪ್ಪು ಚುಕ್ಕೆ —