ಏಳು ಮನೆ, ಒಂದು ಚಮಚ

ಬೀಗದಣ್ಣನ ಸಾಕ್ಷಿ ಕೇಳದವರು ಆ ಕ್ರೈಸ್ತ ಸಭೆಯಲ್ಲಿ ಯಾರೂ ಇರಲಿಲ್ಲ. ಕೇಳಿ ಕಣ್ಣೊರೆಸಿಕೊಳ್ಳದವರೂ ಇರಲಿಲ್ಲ, ಅವನ ಹೆಂಡತಿಯೊಬ್ಬಳನ್ನು ಬಿಟ್ಟು.

ಅಲ್ಲಿ ಒಂದು ಪದ್ಧತಿ ಇತ್ತು. ಯಾರಿಗಾದರೂ ದೀಕ್ಷಾಸ್ನಾನ ಆಗುವ ಭಾನುವಾರ, ನೀರಿಗಿಳಿಯುವ ಮುಂಚೆ ಅವರು ಎದ್ದು ನಿಂತು, ತಾನು ಹೇಗಿದ್ದೆ, ದೇವರು ತನ್ನನ್ನು ಹೇಗೆ ಹಿಡಿದುಕೊಂಡ ಎಂದು ಎಲ್ಲರೆದುರು ಹೇಳಬೇಕು. ಅದಕ್ಕೇ ಸಾಕ್ಷಿ ಎನ್ನುತ್ತಾರೆ. ಹೊಸಬರಿಗೆ ಬಾಯಿ ಒಣಗುತ್ತದಲ್ಲ, ಅದಕ್ಕಾಗಿ ಅವರಿಗಿಂತ ಮೊದಲು ಹಳಬರೊಬ್ಬರು ತಮ್ಮ ಸಾಕ್ಷಿ ಹೇಳಿ ದಾರಿ ಮಾಡಿಕೊಡುತ್ತಾರೆ. ಹನ್ನೊಂದು ವರ್ಷದಿಂದ ಆ ಕೆಲಸ ಬೀಗದಣ್ಣನದೇ. ಪಾಸ್ಟರ್ ಬೇರೆ ಯಾರನ್ನೂ ಕೇಳುವುದನ್ನೇ ಬಿಟ್ಟಿದ್ದರು.

ಹೇಳುತ್ತಿದ್ದದ್ದಾದರೂ ಎಂಥ ಸಾಕ್ಷಿ! ಏಳು ಮನೆಯ ಬೀಗ ಮುರಿದದ್ದು, ಎಂಟನೆಯ ಮನೆಯಲ್ಲಿ ಚಿನ್ನದ ಸರಕ್ಕೆ ಕೈ ಹಾಕಿದಾಗ ‘ಮಗನೇ, ಅದು ನಿನ್ನದಲ್ಲ’ ಎಂಬ ಧ್ವನಿ ಮೇಲಿನಿಂದ ಕೇಳಿಸಿದ್ದು, ಪೊಲೀಸರ ಮುಂದೆ ತಾನಾಗಿಯೇ ಹೋಗಿ ನಿಂತದ್ದು, ಎಂಟು ತಿಂಗಳ ಜೈಲು. ಕಂಬಿಯ ಹಿಂದೆ ಅತ್ತದ್ದನ್ನು ಹೇಳುವಾಗ ಎರಡೂ ಕೈ ಎತ್ತಿ ಗಾಳಿಯಲ್ಲೇ ಕಂಬಿ ಹಿಡಿಯುತ್ತಿದ್ದ. ಮುಂದಿನ ಸಾಲಿನ ಹೆಂಗಸರ ಕೈಗೆ ಆಗ ಕರವಸ್ತ್ರ ಬರುತ್ತಿತ್ತು.

ನಿಜ ಏನೆಂದು ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸಿ ನನಗೇನಾಗಬೇಕು? ಏಳು ಮನೆ ಹಾಗಿರಲಿ, ಈ ಮನುಷ್ಯ ಒಂದು ಮನೆಯ ಬೀಗವನ್ನೂ ಮುರಿದವನಲ್ಲ. ಜೈಲಿನ ಗೇಟನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದ, ಅಷ್ಟೆ. ಇಪ್ಪತ್ತು ವರ್ಷದ ಹಿಂದೆ ನಿವೃತ್ತ ಟೀಚರಮ್ಮ ಒಬ್ಬರು ಬೀರುವಿನ ಕೀ ಕಳೆದುಕೊಂಡು, ಬೀಗ ರಿಪೇರಿ ಮಾಡುವ ಇವನನ್ನು ಕರೆಸಿದ್ದರು. ಬೀರು ತೆಗೆದುಕೊಟ್ಟ. ಆಕೆ ಚಹಾ ಮಾಡಲು ಒಳಗೆ ಹೋದಾಗ, ಕೆಳಗಿನ ಅರೆಯಲ್ಲಿ ಕಂಡ ಪುಟ್ಟ ಬೆಳ್ಳಿ ಚಮಚವೊಂದನ್ನು ಜೇಬಿಗಿಳಿಸಿದ. ಯಾಕೆ ಎಂದರೆ ಅವನಿಗೂ ಗೊತ್ತಿಲ್ಲ. ಮನೆಯಲ್ಲಿ ಯಾರೂ ಉಪವಾಸ ಬಿದ್ದಿರಲಿಲ್ಲ. ಕೈಗೆ ಸಿಕ್ಕಿತು, ಯಾರೂ ನೋಡುತ್ತಿರಲಿಲ್ಲ, ತೆಗೆದುಕೊಂಡ. ಆಮೇಲೆ ಆಕೆ ಕೊಟ್ಟ ಚಹಾವನ್ನೂ ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಬಂದ.

ಆ ಸಂಜೆ ಅವನ ಅಂಗಿ ಒಗೆಯಲು ತೆಗೆದ ಹೆಂಡತಿ ಚಮಚವನ್ನು ಎತ್ತಿ ಹಿಡಿದು, “ಇದು ಯಾರದು ರೀ?” ಎಂದಳು. ಮೇಲಿನಿಂದ ಬಂದ ಧ್ವನಿ ಅಂದರೆ ಅದೇ. ಬಂದದ್ದು ಬಚ್ಚಲುಮನೆಯಿಂದ. ಮರುದಿನ ಬೆಳಿಗ್ಗೆ ಬೀದಿಯ ತಿರುವಿನವರೆಗೆ ಅವಳೇ ಜೊತೆಗೆ ಬಂದು, ಅವನು ಟೀಚರಮ್ಮನ ಮನೆಯ ಬೆಲ್ ಒತ್ತುವತನಕ ಅಲ್ಲಿಂದ ಕದಲಲಿಲ್ಲ. ಬಾಗಿಲು ತೆರೆದವರಿಗೆ ನಮ್ಮ ಮಹಾನುಭಾವ ಹೇಳಿದ್ದೇನು? “ನನ್ನ ಸಾಮಾನಿನ ಪೆಟ್ಟಿಗೇಲಿ ಹೇಗೋ ಬಿದ್ದುಬಿಟ್ಟಿತ್ತಮ್ಮ!” ಪಾಪ, ಆಕೆ ನಂಬಿದರು. ಇಂಥ ಪ್ರಾಮಾಣಿಕ ಮನುಷ್ಯನನ್ನು ಕಂಡಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಈಗ ಆಕೆ ತೀರಿಕೊಂಡು ಎಷ್ಟೋ ವರ್ಷವಾಯಿತು.

ಸಭೆಯಲ್ಲಿ ಮೊದಲ ಸಲ ಸಾಕ್ಷಿಗೆ ನಿಂತಾಗ ಚಮಚದ ವಿಷಯವನ್ನೇ ಹೇಳಬೇಕೆಂದಿದ್ದ, ಅದು ಸತ್ಯ. ಆದರೆ ಅವನಿಗಿಂತ ಮೊದಲು ಎದ್ದ ಟ್ರಕ್ ಡ್ರೈವರೊಬ್ಬ, ಸೇತುವೆಯಿಂದ ಟ್ರಕ್ ಸಮೇತ ಬಿದ್ದು ಬದುಕಿದ ಕಥೆ ಹೇಳಿ ಇಡೀ ಸಭೆಯನ್ನು ಅಳಿಸಿ ಕೂತಿದ್ದ. ಅದರ ಹಿಂದೆಯೇ ಚಮಚ ತೆಗೆಯಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಚಮಚ ಸರವಾಯಿತು. ಮುಂದಿನ ಸಲ ಒಂದು ಮನೆ ಮೂರಾಯಿತು. ‘ಆಮೆನ್’ ಜೋರಾದಷ್ಟೂ ಮನೆಗಳು ಹೆಚ್ಚಾದವು. ಪಾಪಕ್ಕೆ ಎಳೆಯುವ ಶೋಧನೆ ಎಂದರೆ ಹೆಂಡದ ಅಂಗಡಿಯ ಮುಂದೆಯೇ ನಿಂತಿರುತ್ತದೆ ಅಂದುಕೊಂಡಿರುತ್ತೀರಿ. ಇವನಿಗೆ ಅದು ಪ್ರಾರ್ಥನೆಯ ಹಾಲಿನಲ್ಲಿ, ಮೈಕಿನ ಮುಂದೆಯೇ ಕಾದಿತ್ತು. ತಮಾಷೆ ಅಂದರೆ, ಅವನ ಸಾಕ್ಷಿಗೆ ಗೊಳೋ ಎಂದು ಅತ್ತವರು, ತಮ್ಮ ಮನೆಯ ಬೀಗ ಕೆಟ್ಟಾಗ ಮಾತ್ರ ಇನ್ನೊಂದು ಬೀದಿಯ ಬೀಗದವನನ್ನು ಕರೆಯುತ್ತಿದ್ದರು.

ಹೀಗೆ ನಡೆದುಕೊಂಡು ಬಂದದ್ದು ಒಂದು ಶನಿವಾರ ಮಧ್ಯಾಹ್ನ ಎಡವಿತು.

ಬೀಗದಣ್ಣನ ಅಂಗಡಿ ಒಂದು ಹಳೆ ಕಟ್ಟಡದ ಮೆಟ್ಟಿಲಿನ ಕೆಳಗೆ. ಎದ್ದು ನಿಂತರೆ ತಲೆ ತಾಗುತ್ತದೆ. ಗೋಡೆಯ ಮೊಳೆಗಳಲ್ಲಿ ಹಲ್ಲು ಕೊರೆಯದ ಕೀಗಳು ಗೊಂಚಲು ಗೊಂಚಲಾಗಿ ತೂಗುತ್ತವೆ, ಕೀ ಕೊರೆಯುವ ಮಿಷನ್ನಿನ ಸುತ್ತ ಹಿತ್ತಾಳೆಯ ಪುಡಿ. ಅಲ್ಲಿಗೆ ಬಂದವನು ಪೇಂಟರ್. ನಲವತ್ತು ದಾಟಿದ, ಮೊಣಕೈವರೆಗೂ ಬಿಳಿ ಬಣ್ಣದ ಚುಕ್ಕೆಗಳಿದ್ದ ಮನುಷ್ಯ. ಮರುದಿನ ಅವನದೇ ದೀಕ್ಷಾಸ್ನಾನ. ಎರಡು ವರ್ಷದ ಹಿಂದೆ ಬೀಗದಣ್ಣನ ಸಾಕ್ಷಿ ಕೇಳಿದ ಮೇಲೇ ಅವನು ಸಭೆಗೆ ಬರತೊಡಗಿದ್ದು.

“ಅಣ್ಣ, ನಾಳೆ ಹೇಳ್ಬೇಕಾದ್ದು ಬರ್ಕೊಂಡು ಬಂದಿದ್ದೀನಿ. ಸ್ವಲ್ಪ ನೋಡಿ,” ಎಂದು ಮಡಚಿದ ಹಾಳೆ ಕೊಟ್ಟ.

ಬೀಗದಣ್ಣ ಕನ್ನಡಕ ಏರಿಸಿ ಓದಿದ. ನಾಲ್ಕು ಜನರ ಗ್ಯಾಂಗು, ಹೆದ್ದಾರಿಯಲ್ಲಿ ಲಾರಿ ದೋಚಿದ್ದು, ಒಂದು ವರ್ಷ ಜೈಲು. ಓದುತ್ತಾ ಅವನ ಹುಬ್ಬು ಮೇಲೇರಿತು.

“ಯಾವಾಗಯ್ಯಾ ನೀನು ಲಾರಿ ದೋಚಿದ್ದು? ಏಣಿ ಮೂರನೇ ಮೆಟ್ಟಿಲಿಗೇ ದೇವರನ್ನ ಕೂಗ್ತೀಯ!”

ಪೇಂಟರ್ ತಲೆ ತಗ್ಗಿಸಿದ. “ಹಾಗೆ ಬರ್ದೆ ಅಷ್ಟೆ. ನಂದು ನಿಜವಾದ್ದು ತುಂಬಾ ಸಪ್ಪೆ ಅಣ್ಣ. ಹೇಳ್ಕೊಳ್ಳೋ ಹಾಗಿಲ್ಲ.”

“ಅದೇನದು, ಹೇಳು.”

ಅವನು ಹೇಳಿದ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕ, ಬಟ್ಟೆ ಹೊಲಿದು. ಇವನಿಗೆ ಇಸ್ಪೀಟಿನ ಹುಚ್ಚು ಹಿಡಿಯಿತು. ಒಂದು ದಿನ ಅಕ್ಕ ಹೊರಗೆ ಹೋಗಿದ್ದಾಗ ಅವಳ ಹೊಲಿಗೆ ಮಿಷನ್ ಮಾರಿಬಿಟ್ಟ. ಬಾಗಿಲ ಚಿಲಕ ಬಿಚ್ಚಿ ಕೆಳಗೆಸೆದು, ಮನೆಗೆ ಕಳ್ಳರು ನುಗ್ಗಿದ್ದಾರೆ ಎಂದು ಬೀದಿಗೆಲ್ಲ ಕೇಳುವಂತೆ ಬೊಬ್ಬೆ ಹಾಕಿದ. ಆಮೇಲೆ ಎರಡು ವರ್ಷ ಅಕ್ಕ ಕೈಯಲ್ಲೇ ಹೊಲಿದಳು. ಅದನ್ನು ನೋಡಲಾಗದೆ ಇವನು ಮನೆ ಬಿಟ್ಟ. ಬಿಟ್ಟು ಎಂಟು ವರ್ಷ.

“ನಾಳೆ ಬಾ ಅಂತ ಅಕ್ಕನಿಗೆ ಹೇಳಿ ಕಳಿಸಿದ್ದೆ. ಬರ್ತೀನಿ ಅಂದ್ಲಂತೆ. ಅಷ್ಟೇ ಅಂದಿದ್ದು.”

ಬೀಗದಣ್ಣನಿಗೆ ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ! “ಚಿಲಕದ ಸ್ಕ್ರೂ ಯಾವ ಕಡೆಯಿಂದ ಬಿಚ್ದೆ?” ಎಂದು ಕೇಳಿದ.

“ಒಳಗಡೆಯಿಂದ. ಸ್ಕ್ರೂ ಅಲ್ಲೇ ತಾನೇ ಇರೋದು?”

“ಅಯ್ಯೋ ಪೆದ್ದೇ! ಒಳಗಡೆಯಿಂದ ಸ್ಕ್ರೂ ಬಿಚ್ಚಿ ಒಳಗೆ ಬರೋ ಕಳ್ಳನನ್ನ ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ. ನಿಮ್ಮಕ್ಕನಿಗೆ ಅವತ್ತೇ ಗೊತ್ತಾಗಿದೆ ಕಣಯ್ಯ. ನಾಳೆ ನಿನ್ನ ಬಾಯಿಂದ ಕೇಳೋಕೆ ಬರ್ತಿದ್ದಾಳೆ.”

ಪೇಂಟರ್‌ನ ಮುಖ ಬಿಳಿಚಿಕೊಂಡಿತು. ಬೇಡವೆಂಬಂತೆ ಜೋರಾಗಿ ತಲೆಯಾಡಿಸಿದ. “ನನ್ನ ಕೈಲಾಗಲ್ಲ. ಲಾರಿ ದೋಚಿದೆ ಅಂದ್ರೆ ಜನ ಅಬ್ಬಾ ಅಂತಾರೆ. ಅಕ್ಕನ ಮಿಷನ್ ಕದ್ದೆ ಅಂದ್ರೆ ಥೂ ಅಂತಾರೆ. ನಿಮಗೇನು ಅಣ್ಣ, ನಿಮ್ದು ದೊಡ್ಡ ಪಾಪ, ತಲೆ ಎತ್ಕೊಂಡು ಹೇಳ್ಬಹುದು. ಅಂದ ಹಾಗೆ, ನೀವು ಯಾವ ಜೈಲಲ್ಲಿದ್ರಿ? ನಾನೂ ಅದೇ ಹೆಸರು ಹಾಕ್ಕೊಳ್ಳಲಾ?”

ಇಗೋ, ಹೇಳಬೇಕಾದ ಗಳಿಗೆ ಅದೇ. ನಾಲಿಗೆಯ ತುದಿಗೂ ಬಂತು. ಆದರೆ ಎರಡು ವರ್ಷದಿಂದ ತನ್ನನ್ನೇ ನೋಡಿಕೊಂಡು ನಡೆದ ಮನುಷ್ಯನ ಮುಖ ನೋಡಿ ಬೀಗದಣ್ಣನ ಧೈರ್ಯ ಉಡುಗಿತು. “ಹೆಸರೆಲ್ಲ ಯಾಕೆ, ಬೇಡ ಬಿಡು,” ಎಂದು ಗೊಣಗಿ ಮಿಷನ್ನಿನ ಸ್ವಿಚ್ ಹಾಕಿದ. ಯಾವ ಕೀಯನ್ನೂ ಕೊರೆಯಬೇಕಾಗಿರಲಿಲ್ಲ. ಪೇಂಟರ್ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಬೀಗದಣ್ಣ ಮನೆಗೆ ಬಂದಾಗ ಹೆಂಡತಿ ಅವನ ಭಾನುವಾರದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಕುರ್ಚಿಯಲ್ಲಿ ಕೂತ, ಎದ್ದ, ಮತ್ತೆ ಕೂತ.

“ನಾಳೆ ನನ್ನ ಸಾಕ್ಷಿ ಸ್ವಲ್ಪ ಬೇರೆ ತರ ಹೇಳೋಣ ಅಂತಿದ್ದೀನಿ ಕಣೇ.”

“ಯಾಕೆ, ಏಳು ಮನೆ ಸಾಲದೆ ಒಂಬತ್ತಾಯ್ತಾ?” ಅವಳು ಕಾಲರ್ ತಿರುಗಿಸಿ ಇಸ್ತ್ರಿಪೆಟ್ಟಿಗೆ ಒತ್ತಿದಳು.

ಅವನಿಗೆ ನಗು ಬಂತು. ಪೇಂಟರ್ ಬಂದದ್ದು, ಹಾಳೆ, ಚಿಲಕ, ಎಲ್ಲವನ್ನೂ ಹೇಳಿದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿಸಿಕೊಂಡಳು.

“ಇಷ್ಟು ವರ್ಷ ನೀನ್ಯಾಕೆ ಬಾಯಿ ಬಿಡ್ಲಿಲ್ಲ?”

“ಒಂದ್ಸಲ ಬೀದಿ ತಿರುವಿನ ತನಕ ಬಂದು ನಿಂತೆ. ಪ್ರತಿ ಸಲಾನೂ ನಾನೇ ಬರ್ಬೇಕಾ?” ಎಂದಳು. ಸ್ವಲ್ಪ ತಡೆದು ಸೇರಿಸಿದಳು: “ನಾಳೆ ನೀವು ಲಾರಿ ಕಳ್ಳನ ಪಕ್ಕ ಜೈಲು ಕಳ್ಳನಾಗಿ ನಿಂತ್ರೆ, ಆ ಅಕ್ಕ ಬಂದ ದಾರಿಗೆ ಸುಂಕ ಇಲ್ದೆ ವಾಪಸ್ ಹೋಗ್ತಾಳೆ. ಇನ್ನೊಂದ್ಸಲ ಬರಲ್ಲ. ಅಷ್ಟು ನೆನಪಿಟ್ಕೊಳ್ಳಿ.”

ಅಂಗಿ ಹ್ಯಾಂಗರಿಗೆ ಹಾಕಿ ಅವನ ಕೈಗೆ ಕೊಟ್ಟಳು.

ಭಾನುವಾರ ಹಾಲ್ ತುಂಬಿತ್ತು. ವೇದಿಕೆಯ ಪಕ್ಕದ ತೊಟ್ಟಿಗೆ ನೀರು ತುಂಬಿಸಿದ್ದರು. ಪೇಂಟರ್ ಬಿಳಿ ನಿಲುವಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ, ಹಾಳೆ ಕೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲೇ, ದಪ್ಪ ಕನ್ನಡಕದ ತೆಳ್ಳನೆಯ ಹೆಂಗಸೊಬ್ಬಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಮೂಗು, ಗದ್ದ ಎಲ್ಲ ಪೇಂಟರ್‌ನದೇ. ಬೀಗದಣ್ಣನಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಲಿಲ್ಲ.

ಪಾಸ್ಟರ್ ಕರೆದರು. ಬೀಗದಣ್ಣ ಮೈಕ್ ಹಿಡಿದ. ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಆಗಲೇ ಸಿದ್ಧವಾಗಿದ್ದವು.

“ನಾನು ಏಳು ಮನೆ ಕದ್ದಿಲ್ಲ,” ಎಂದ. “ಜೈಲಿಗೆ ಹೋಗಿಲ್ಲ. ಒಂದು ಚಮಚ ಕದ್ದೆ.”

ಯಾರೋ ಅಭ್ಯಾಸಬಲದಿಂದ ಶುರು ಮಾಡಿದ ‘ಆಮೆನ್’ ಅರ್ಧಕ್ಕೇ ನಿಂತಿತು. ಕಿವಿ ಮಂದವಾಗಿದ್ದ ಮುದುಕ ಬಡಗಿಯೊಬ್ಬ ಪಕ್ಕದವನನ್ನು, “ಕಂಬಿ ಎಲ್ಲಿ? ಇವತ್ತು ಕಂಬಿ ಇಲ್ವಾ?” ಎಂದು ಗಟ್ಟಿಯಾಗಿ ಕೇಳಿದ. ಒಂದಿಬ್ಬರು ನಕ್ಕರು. ಬೀಗದಣ್ಣನ ಕಿವಿ ಕೆಂಪಾಯಿತು, ಆದರೂ ನಿಲ್ಲಿಸಲಿಲ್ಲ. ಬೀರು, ಚಹಾ, ಚಮಚ, ಒಂದೊಂದಾಗಿ ಹೇಳಿದ.

“ಧ್ವನಿ ಕೇಳಿಸ್ತು ಅಂತಿದ್ದೆನಲ್ಲ, ಅದು ನನ್ನ ಹೆಂಡ್ತಿದು. ದೇವರು ಅವಳ ಬಾಯಲ್ಲಿ ಮಾತಾಡಿದ್ದ. ನಾನು ಅವಳ ಹೆಸರು ತೆಗೆದುಹಾಕಿ ಕಥೆ ಕಟ್ಟಿದೆ. ಚಮಚ ವಾಪಸ್ ಕೊಡುವಾಗಲೂ ಟೀಚರಮ್ಮನಿಗೆ ಸುಳ್ಳು ಹೇಳ್ದೆ. ಅವರು ನನ್ನನ್ನ ಪ್ರಾಮಾಣಿಕ ಅಂತ ನಂಬಿಕೊಂಡೇ ತೀರ್ಕೊಂಡ್ರು. ಅವರ ಹತ್ರ ಕ್ಷಮೆ ಕೇಳೋಕೆ ನನಗಿನ್ನು ಆಗಲ್ಲ. ಏಳು ಮನೆ ಕದ್ದೆ ಅಂತ ಹೇಳೋದು ನನಗೆ ಸುಲಭವಾಗಿತ್ತು. ಚಮಚ ಕದ್ದೆ ಅಂತ ಹೇಳೋಕೆ ನಾಚಿಕೆ. ದೇವರು ಕ್ಷಮಿಸಬೇಕಾದ್ದು ಮಾತ್ರ ಚಮಚವನ್ನೇ. ಮಾಡದೇ ಇರೋ ಪಾಪ ಕ್ಷಮಿಸು ಅಂತ ಅವನನ್ನ ಎಷ್ಟು ಸಲ ಕೇಳಲಿ?”

ಮಾತು ಅಲ್ಲಿಗೇ ನಿಂತಿತು. ಎಲ್ಲರೂ ತಿರುಗಿ ಅವನ ಹೆಂಡತಿಯನ್ನು ನೋಡಿದರು. ಅವಳು ಪಕ್ಕದವಳ ಕೈಯಿಂದ ಕರವಸ್ತ್ರ ಕಿತ್ತುಕೊಂಡು ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಹನ್ನೊಂದು ವರ್ಷ ಹೊತ್ತದ್ದನ್ನು ಕೆಳಗಿಳಿಸಿದಂತೆ ಎದೆ ಹಗುರಾಯಿತು, ನೇರ ಹೋಗಿ ಅವಳ ಪಕ್ಕದಲ್ಲಿ ಕೂತ. ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು.

ಈಗ ಪೇಂಟರ್‌ನ ಸರದಿ. ಅವನು ಮೈಕ್ ಮುಂದೆ ನಿಂತು ಹಾಳೆ ಬಿಡಿಸಿದ. ಮೊದಲ ಸಾಲನ್ನು ನೋಡುತ್ತಲೇ ನಿಂತ. ಬೀಗದಣ್ಣನ ಹೆಂಡತಿ ತುಟಿ ಅಲುಗಿಸದೆ ಪ್ರಾರ್ಥಿಸುತ್ತಿದ್ದಳು. ಕೊನೆಯ ಸಾಲಿನ ಹೆಂಗಸು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಪೇಂಟರ್ ಹಾಳೆಯನ್ನು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದ.

“ಅಕ್ಕ,” ಎಂದ. ಮೈಕ್ ಇದೆ ಎಂಬುದೇ ಮರೆತು ಕೊನೆಯ ಸಾಲಿಗೆ ಕೂಗಿದ. “ಕಳ್ಳರು ಯಾರೂ ಬಂದಿರ್ಲಿಲ್ಲ ಅಕ್ಕ. ನಿನ್ನ ಮಿಷನ್ ನಾನೇ ಮಾರ್ದೆ. ಚಿಲಕ ನಾನೇ ಬಿಚ್ಚಿದ್ದು. ನೀನು ಸೂಜಿ ಚುಚ್ಚಿಸ್ಕೊಂಡು ಬೆರಳು ಚೀಪ್ತಿದ್ದೆಯಲ್ಲ, ಅದನ್ನ ನೋಡ್ತಾ ನೋಡ್ತಾ ಎರಡು ವರ್ಷ ನಿನ್ನ ಕೈಯೂಟ ಉಂಡೆ. ಇಷ್ಟೇ ನನ್ನ ಸಾಕ್ಷಿ. ಬೇರೆ ಏನೂ ಇಲ್ಲ.”

ಥೂ ಎಂದವರು ಒಬ್ಬರೂ ಇಲ್ಲ. ಹೆಂಗಸು ಚೀಲ ಹೆಗಲಿಗೇರಿಸಿ ಎದ್ದಳು. ಎದ್ದು ಹೋಗಿಯೇ ಬಿಡುತ್ತಾಳೆ ಎಂದು ಬೀಗದಣ್ಣ ಹೆದರಿದ. ಅವಳು ನಡುವಿನ ದಾರಿಯಲ್ಲಿ ಮುಂದಕ್ಕೆ ನಡೆದು ಬಂದು ತಮ್ಮನ ಎದುರು ನಿಂತಳು.

“ಮಿಷನ್ ಡ್ರಾಯರಲ್ಲಿ ಅಮ್ಮನ ಕತ್ತರಿ ಇತ್ತು,” ಎಂದಳು. “ಅದನ್ನೂ ಮಾರ್ದ್ಯಾ?”

“ಇಲ್ಲ ಅಕ್ಕ. ಅದು ನನ್ನ ರೂಮಲ್ಲಿದೆ. ಮಾರೋಕೆ ಕೈ ಬರ್ಲಿಲ್ಲ. ತುಕ್ಕು ಹಿಡಿಯುತ್ತೆ ಅಂತ ಎಣ್ಣೆ ಹಚ್ಚಿ ಹಚ್ಚಿ ಇಟ್ಟಿದ್ದೀನಿ.”

ಅವಳು ಅವನ ನಿಲುವಂಗಿಯ ಮಡಚಿಕೊಂಡಿದ್ದ ಕಾಲರನ್ನು ಬಿಡಿಸಿ, ಹೊಲಿಗೆ ಸರಿಯಾಗಿದೆಯೇ ಎಂಬಂತೆ ಬೆರಳಲ್ಲಿ ಒಮ್ಮೆ ಸವರಿದಳು.

“ಸರಿ, ನೀರಿಗಿಳಿ. ಆಮೇಲೆ ಕತ್ತರಿ ತಗೊಂಡು ಮನೆಗೆ ಬಾ. ಇಬ್ರಿಗೂ ಸೇರಿಸಿ ಬೆಳಿಗ್ಗೇನೇ ಅಡುಗೆ ಮಾಡಿಟ್ಟು ಬಂದಿದ್ದೀನಿ.”